ಮನೆಗಂದಾಯ ಏರಿದರೆ ಬಾಡಿಗೆದಾರರ ಪಾಲೆಷ್ಟು?

ಏಪ್ರಿಲ್ ಬೆಂಗಳೂರಿನ ಮನೆ ಮಾಲೀಕರಿಗೆ ಕಂದಾಯದ ತಿಂಗಳು. ಇಡೀ ವರ್ಷದ ಆಸ್ತಿ ತೆರಿಗೆಯನ್ನು ಈ ತಿಂಗಳೊಳಗೆ ಒಂದೇ ಸಲಕ್ಕೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುವುದರಿಂದ ಬಹಳ ಮಂದಿ ಆಗಲೇ ಚಲನ್ ತೆಗೆದು ನೋಡುತ್ತಾರೆ. ಕಳೆದ ವರ್ಷಕ್ಕಿಂತ ಮೊತ್ತ ದಿಢೀರನೆ ಏರಿದ್ದರೆ ಕಣ್ಣಿಗೆ ಬೀಳುವುದೂ ಆಗಲೇ. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ‘ಕಂದಾಯ ಜಾಸ್ತಿ ಆಗಿದೆ, ಮುಂದಿನ ತಿಂಗಳಿಂದ ಬಾಡಿಗೆ ಎರಡು ಸಾವಿರ ಹೆಚ್ಚಿಗೆ ಕೊಡಿ’ ಎಂಬ ಬೇಡಿಕೆ ಬಾಡಿಗೆದಾರರ ಬಾಗಿಲಿಗೆ ಬರುತ್ತದೆ. ಕೊಡುವವರಿಗೆ ಲೆಕ್ಕ ಗೊತ್ತಿರುವುದಿಲ್ಲ. ಕೇಳುವವರೂ ಎಷ್ಟೋ ಸಲ ಲೆಕ್ಕ ಬಿಡಿಸಿ ನೋಡಿರುವುದಿಲ್ಲ. ಏರಿಕೆ ಎಂದು ಕಾಣುವ ಆ ಒಂದು ಮೊತ್ತದೊಳಗೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಬಾಬತ್ತುಗಳು ಸೇರಿಕೊಂಡಿರುತ್ತವೆ: ಹಿಂದಿನ ವರ್ಷಗಳ ಬಾಕಿ, ಈ ವರ್ಷದ ತೆರಿಗೆ, ಮತ್ತು ಕಸ ವಿಲೇವಾರಿಯಂಥ ಸೇವೆಯ ಶುಲ್ಕ. ಈ ಮೂರರ ಹೊಣೆ ಒಬ್ಬರದೇ ಅಲ್ಲ. ಬಿಡಿಸಿ ನೋಡಿದರೆ ಬಾಡಿಗೆದಾರರ ತಲೆಗೆ ನ್ಯಾಯವಾಗಿ ಬರುವ ಪಾಲು ತೀರಾ ಸಣ್ಣದು ಎಂಬುದು ಈ ಲೇಖನದ ವಾದ.

ಲೆಕ್ಕದಿಂದಲೇ ಶುರು ಮಾಡೋಣ. ಬೆಂಗಳೂರಿನಲ್ಲಿ 2008–09ರಿಂದ ಜಾರಿಯಲ್ಲಿರುವುದು ಘಟಕ ವಿಸ್ತೀರ್ಣ ಮೌಲ್ಯದ ಪದ್ಧತಿ. ನಗರವನ್ನು ಮಾರ್ಗಸೂಚಿ ಬೆಲೆಯ ಆಧಾರದ ಮೇಲೆ ಎ ಯಿಂದ ಎಫ್‌ವರೆಗೆ ಆರು ವಲಯಗಳಾಗಿ ಒಡೆದು, ಪ್ರತಿ ವಲಯಕ್ಕೂ ಚದರಡಿಗೆ ತಿಂಗಳಿಗೆ ಇಷ್ಟು ಎಂದು ದರ ಕಟ್ಟಲಾಗಿದೆ. 2016ರಲ್ಲಿ ಪರಿಷ್ಕರಿಸಿದ ದರಗಳ ಪ್ರಕಾರ, ಡಿ ವಲಯದ ಆರ್‌ಸಿಸಿ ಮನೆಯಲ್ಲಿ ಮಾಲೀಕರೇ ವಾಸವಿದ್ದರೆ ಚದರಡಿಗೆ ₹1.60, ಅದೇ ಮನೆಯಲ್ಲಿ ಬಾಡಿಗೆದಾರರಿದ್ದರೆ ₹3.20. ಬೇರೆ ವಲಯಗಳಲ್ಲೂ ಇದೇ ಅನುಪಾತ: ಎ ವಲಯದಲ್ಲಿ ₹2.50 ಮತ್ತು ₹5, ಎಫ್ ವಲಯದಲ್ಲಿ ₹1 ಮತ್ತು ₹2. ಈ ದರವನ್ನು ವಿಸ್ತೀರ್ಣದಿಂದ ಗುಣಿಸಿ, ಹನ್ನೆರಡರ ಬದಲು ಹತ್ತು ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಉಳಿದದ್ದರ ಶೇ 20ರಷ್ಟನ್ನು ವಾಸದ ಮನೆಗೆ ತೆರಿಗೆ ಎಂದು ನಿಗದಿ ಮಾಡುತ್ತಾರೆ. ಆ ತೆರಿಗೆಯ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಹೆಸರಿನ ಸೆಸ್ ಒಟ್ಟು ಶೇ 24. ಸವಕಳಿಯನ್ನೂ ಆಮೇಲೆ ಸೇರಿದ ಸಣ್ಣಪುಟ್ಟ ಸೆಸ್‌ಗಳನ್ನೂ ಬದಿಗಿಟ್ಟರೆ, ಡಿ ವಲಯದ 1,000 ಚದರಡಿಯ ಬಾಡಿಗೆ ಮನೆಗೆ ತೆರಿಗೆ ₹6,400, ಸೆಸ್ ₹1,536, ಒಟ್ಟು ವರ್ಷಕ್ಕೆ ₹7,936. ಮಾಲೀಕರೇ ಇದ್ದಿದ್ದರೆ ಅದರ ಅರ್ಧ, ₹3,968.

ಅಂದರೆ ‘ಸ್ವಂತ ವಾಸ’ ಎಂದಿದ್ದ ಮನೆ ‘ಬಾಡಿಗೆ’ ಎಂದು ಬದಲಾದರೆ ತೆರಿಗೆ ದುಪ್ಪಟ್ಟಾಗುವುದು ನಿಜ. ಆದರೆ ಆ ದುಪ್ಪಟ್ಟಿನ ಹೊರೆಯನ್ನು ತಿಂಗಳಿಗೆ ಹಂಚಿದರೆ ಸಿಗುವುದು ಸುಮಾರು ₹330. ಬಾಡಿಗೆಯನ್ನು ಎರಡು ಸಾವಿರ ಏರಿಸಿದರೆ ವರ್ಷಕ್ಕೆ ₹24,000 ಆಗುತ್ತದೆ, ಹೆಚ್ಚಾದ ತೆರಿಗೆಯ ಆರು ಪಟ್ಟು. ದುಬಾರಿ ವಲಯದಲ್ಲಿ, ದೊಡ್ಡ ಮನೆಯಲ್ಲಿ ಅಂಕಿಗಳು ದೊಡ್ಡದಾಗುತ್ತವೆ. ಆದರೆ ಅಲ್ಲಿ ಬಾಡಿಗೆಯೂ ಅದೇ ಪ್ರಮಾಣದಲ್ಲಿ ದೊಡ್ಡದಿರುತ್ತದೆ. ತೆರಿಗೆ ಏರಿಕೆಯನ್ನು ಬಾಡಿಗೆ ಏರಿಕೆಗೆ ಕಾರಣವಾಗಿ ಕೊಟ್ಟಾಗ ಬಾಡಿಗೆದಾರರು ಮೊದಲು ಕೇಳಬೇಕಾದದ್ದು ಮಾಲೀಕರು ಕಂದಾಯ ಕಟ್ಟಿದ ರಸೀದಿಯನ್ನು, ಅದರ ಜೊತೆ ಸಲ್ಲಿಸಿದ ಘೋಷಣೆಯ ಪ್ರತಿಯನ್ನು. ಘೋಷಣೆಯಲ್ಲಿ ವಲಯ, ವಿಸ್ತೀರ್ಣ, ಕಟ್ಟಡದ ವಯಸ್ಸು, ವಾಸದ ಬಗೆ ಎಲ್ಲವೂ ಇರುತ್ತವೆ. ಇದನ್ನು ಕೇಳುವುದು ಅಧಿಕಪ್ರಸಂಗವಲ್ಲ. ತೆರಿಗೆಯ ಹೆಸರಿನಲ್ಲಿ ಹಣ ಕೇಳುವವರು ತೆರಿಗೆಯ ಕಾಗದ ತೋರಿಸಲೇಬೇಕು.

ಬಾಡಿಗೆ ಮಾರುಕಟ್ಟೆಯೇ ನಿರ್ಧರಿಸುವ ಬೆಲೆ, ಮಾಲೀಕರು ತೆರಿಗೆಯ ನೆಪ ಹೇಳಲಿ ಬಿಡಲಿ ಕೊನೆಗೆ ವಸೂಲಿ ಮಾಡಿಯೇ ಮಾಡುತ್ತಾರೆ ಎಂದು ಇಲ್ಲಿ ಯಾರಾದರೂ ಹೇಳಬಹುದು. ಈ ಮಾತಿನ ಮೊದಲರ್ಧವನ್ನು ಪೂರ್ತಿ ಒಪ್ಪೋಣ, ಏಕೆಂದರೆ ಅದೇ ಎರಡನೇ ಅರ್ಧವನ್ನು ಕೆಡವುತ್ತದೆ. 2016ರ ನಂತರ ವಾಸದ ಮನೆಗಳ ಮೂಲ ತೆರಿಗೆ ದರ ವರ್ಷಗಳ ಕಾಲ ಬದಲಾಗಲೇ ಇಲ್ಲ. ಆದರೂ 2022–23ರಲ್ಲಿ, ಐಟಿ ಕಂಪನಿಗಳು ಮನೆಯಿಂದ ಕೆಲಸ ಮಾಡುತ್ತಿದ್ದವರನ್ನು ಕಚೇರಿಗೆ ವಾಪಸು ಕರೆದಾಗ, ಬೆಂಗಳೂರಿನ ಬಾಡಿಗೆಗಳು ಬಹಳ ವೇಗವಾಗಿ ಏರಿದವು. ಅದಕ್ಕೂ ಮೊದಲು ಕೋವಿಡ್ ಕಾಲದಲ್ಲಿ ಊರಿಗೆ ಹೊರಟವರ ಮನೆಗಳು ಖಾಲಿ ಬಿದ್ದು ‘ಟು ಲೆಟ್’ ಬೋರ್ಡುಗಳು ತೂಗಾಡುತ್ತಿದ್ದಾಗ ಬಾಡಿಗೆ ಇಳಿದಿತ್ತು. ಆಗಲೂ ಕಂದಾಯ ಇಳಿದಿರಲಿಲ್ಲ. ಬಾಡಿಗೆ ಏರಿದ್ದಕ್ಕೂ ಇಳಿದದ್ದಕ್ಕೂ ಕಾರಣ ಮನೆ ಹುಡುಕುವವರ ಸಂಖ್ಯೆ. ಕಂದಾಯ ಇದ್ದಲ್ಲೇ ಇತ್ತು. ಹಾಗಿದ್ದ ಮೇಲೆ ಪಕ್ಕದ ಬೀದಿಯಲ್ಲಿ ಅಂಥದೇ ಮನೆಗೆ ಎಷ್ಟು ಬಾಡಿಗೆ ನಡೆಯುತ್ತಿದೆ ಎಂಬುದರ ಮೇಲೆ ಚೌಕಾಸಿ ನಡೆಯಲಿ. ಮಾರುಕಟ್ಟೆ ತಾಳುವುದಾದರೆ ಮಾಲೀಕರು ಹೆಚ್ಚು ಕೇಳಲಿ, ಅದು ನೇರವಾದ ವ್ಯವಹಾರ. ತಾಳದ ಕಡೆ ಕಂದಾಯದ ಹೆಸರು ಹೇಳಿ ಕೇಳುವುದು ಸರಿಯಲ್ಲ.

ನಿಜವಾಗಿ ಆಘಾತ ಕೊಡುವುದು ಬಾಕಿ. ಸ್ವಯಂ ಘೋಷಣೆಯ ಪದ್ಧತಿಯಲ್ಲಿ ಮನೆಯ ವಿವರ ಹೇಳುವವರು ಮಾಲೀಕರೇ. ಹಿಂದಿನ ವರ್ಷಕ್ಕಿಂತ ಏನೂ ಬದಲಾಗದಿದ್ದರೆ ನಮೂನೆ 4, ವಿಸ್ತೀರ್ಣವೋ ಬಳಕೆಯೋ ವಾಸದ ಬಗೆಯೋ ಬದಲಾಗಿದ್ದರೆ ನಮೂನೆ 5. ಸ್ವಂತ ವಾಸದ ಮನೆಯನ್ನು ಬಾಡಿಗೆಗೆ ಕೊಟ್ಟ ವರ್ಷ ನಮೂನೆ 5 ಸಲ್ಲಿಸಬೇಕಾದವರು ರೂಢಿಯಂತೆ ನಮೂನೆ 4ನ್ನೇ ಸಲ್ಲಿಸುತ್ತ ಹೋದರೆ, ಆನ್‌ಲೈನ್ ವ್ಯವಸ್ಥೆ ಅದನ್ನು ಒಪ್ಪಿಕೊಂಡು ರಸೀದಿ ಕೊಡುತ್ತದೆ. ಕೆಲವು ವರ್ಷ ಕಳೆದ ಮೇಲೆ ಪಾಲಿಕೆ ಪತ್ತೆ ಹಚ್ಚಿ ವ್ಯತ್ಯಾಸ, ದಂಡ, ಬಡ್ಡಿ ಸೇರಿಸಿ ನೋಟಿಸು ಕಳಿಸುತ್ತದೆ. ಮೇಲಿನ ಉದಾಹರಣೆಯ ಮನೆಗೇ ಐದು ವರ್ಷದ ವ್ಯತ್ಯಾಸ ₹19,840. ದಂಡ, ಬಡ್ಡಿ ಬೇರೆ. ವಲಯದ ಗೊಂದಲದಿಂದಲೂ ಹೀಗೇ ಆಗಿದೆ. 2016ರಲ್ಲಿ ವಲಯಗಳು ಬದಲಾದಾಗ ಹಳೆಯ ವಲಯದ ಲೆಕ್ಕದಲ್ಲೇ ಕಟ್ಟುತ್ತಿದ್ದ ಸುಮಾರು 78 ಸಾವಿರ ಮಾಲೀಕರಿಗೆ ವರ್ಷಗಳ ನಂತರ ನೋಟಿಸು ಹೋಯಿತು. ನಿಮ್ಮ ಸಾಫ್ಟ್‌ವೇರೇ ಒಪ್ಪಿಕೊಂಡ ಮೊತ್ತಕ್ಕೆ ಈಗ ನಮಗೇಕೆ ದಂಡ ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. 2024ರಲ್ಲಿ ಬಾಕಿದಾರರಿಗೆ ಬಡ್ಡಿ ಮನ್ನಾ ಮಾಡಿ ದಂಡವನ್ನು ಅರ್ಧಕ್ಕಿಳಿಸಿದ ಒಂದು ಬಾರಿಯ ಇತ್ಯರ್ಥ ಯೋಜನೆ ಬಂತು. ಅದರ ಗಡುವು ಆ ವರ್ಷದ ನವೆಂಬರ್ 30ಕ್ಕೆ ಮುಗಿಯಿತು.

ಈ ಬಾಕಿಯ ಒಂದು ರೂಪಾಯಿಯೂ ಈಗಿನ ಬಾಡಿಗೆದಾರರಿಗೆ ಸೇರಿದ್ದಲ್ಲ. ಘೋಷಣೆ ಮಾಡಿದವರು ಮಾಲೀಕರು, ಸಹಿ ಹಾಕಿದವರು ಮಾಲೀಕರು, ಉಳಿತಾಯ ಉಂಡವರೂ ಅವರೇ. ಐದು ವರ್ಷಗಳಲ್ಲಿ ಆ ಮನೆಯಲ್ಲಿ ಎರಡು ಮೂರು ಸಂಸಾರಗಳು ಬಂದು ಹೋಗಿರಬಹುದು. ಕಳೆದ ಜೂನ್‌ನಲ್ಲಿ ಹಾಲುಕ್ಕಿಸಿ ಬಂದವರ ಬಾಡಿಗೆಯಿಂದ ಅದಕ್ಕೂ ಹಿಂದಿನ ನಾಲ್ಕು ವರ್ಷದ ಕಂದಾಯ ವಸೂಲಿ ಮಾಡುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಕಡಿಮೆ ತೆರಿಗೆ ಕಟ್ಟುತ್ತಿದ್ದುದರಿಂದಲೇ ಬಾಡಿಗೆಯನ್ನೂ ಕಡಿಮೆ ಇಟ್ಟಿದ್ದೆವು, ಆ ಲಾಭ ಬಾಡಿಗೆದಾರರಿಗೂ ಸಿಕ್ಕಿದೆ ಎಂದು ಮಾಲೀಕರು ವಾದಿಸಬಹುದು. ಈ ವಾದ ನಿಲ್ಲಬೇಕಾದರೆ, ಅಕ್ಕಪಕ್ಕದ ಮನೆಗಳಿಗಿಂತ ತಿಂಗಳಿಗೆ ಮುನ್ನೂರೋ ನಾನ್ನೂರೋ ಕಡಿಮೆಗೆ ಆ ಮನೆ ಬಾಡಿಗೆಗೆ ಹೋಗಿತ್ತು ಎಂದು ತೋರಿಸಬೇಕು. ಕಂದಾಯದ ಮೊತ್ತ ನೋಡಿ ಬಾಡಿಗೆ ಕಟ್ಟುವ ಮಾಲೀಕರು ಇರುವುದು ನನಗಂತೂ ಅನುಮಾನ. ಬಾಡಿಗೆ ಕಟ್ಟುವುದು ಬೀದಿಯ ದರ ನೋಡಿಯೇ.

ಇಂಥ ಬಾಕಿ ಇನ್ನು ಮುಂದೆ ಅಡಗಿ ಉಳಿಯುವ ಸಾಧ್ಯತೆಯೂ ಕಡಿಮೆ. ತಪ್ಪು ಘೋಷಣೆ ಪತ್ತೆ ಮಾಡಲು ಪಾಲಿಕೆ ಬೆಸ್ಕಾಂನ ವಿದ್ಯುತ್ ಸಂಪರ್ಕಗಳ ಮಾಹಿತಿಯನ್ನು ಬಳಸಿಕೊಂಡಿದೆ. 2023ರಲ್ಲಿ ಬಂದ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಅರ್ಜಿಯಲ್ಲಿ ಅರ್ಜಿದಾರರು ಮಾಲೀಕರೋ ಬಾಡಿಗೆದಾರರೋ ಎಂದು ಹೇಳಬೇಕು. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಪಡೆಯುವ ನೌಕರರು ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಲೇಬೇಕು. ಮನೆಯಲ್ಲಿ ಯಾರಿದ್ದಾರೆ ಎಂಬುದು ಸರ್ಕಾರದ ಹಲವು ಕಡತಗಳಲ್ಲಿ ಈಗಾಗಲೇ ದಾಖಲಾಗಿದೆ. ಕಡತಗಳನ್ನು ಒಂದಕ್ಕೊಂದು ತಾಳೆ ನೋಡುವುದಷ್ಟೇ ಬಾಕಿ. ‘ಎಚ್‌ಆರ್‌ಎಗೆ ನನ್ನ ಪ್ಯಾನ್ ಕೊಡಬೇಡಿ’, ‘ಕರಾರುಪತ್ರ ಬೇಡ, ಬಾಯಿಮಾತಿನಲ್ಲೇ ಇರಲಿ’ ಎಂದು ಬಾಡಿಗೆದಾರರ ಮೇಲೆ ಒತ್ತಡ ಹಾಕುವ ಮಾಲೀಕರು ಇದನ್ನು ಯೋಚಿಸಬೇಕು. ಬಾಡಿಗೆದಾರರಂತೂ ಆ ಒತ್ತಡಕ್ಕೆ ಮಣಿಯಬಾರದು; ಮಣಿದರೆ ತಮ್ಮ ತೆರಿಗೆ ವಿನಾಯಿತಿಯನ್ನೂ, ತಾವು ಅಲ್ಲಿ ಬಾಡಿಗೆಗಿದ್ದೇವೆ ಎಂಬ ಪುರಾವೆಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

ಮೂರನೆಯ ಬಾಬತ್ತಿನಲ್ಲಿ ಮಾತ್ರ ಬಾಡಿಗೆದಾರರು ಕೈ ಹಿಂದೆ ಎಳೆಯುವಂತಿಲ್ಲ. 2025ರ ಏಪ್ರಿಲ್‌ನಿಂದ ಘನತ್ಯಾಜ್ಯ ನಿರ್ವಹಣೆಯ ಬಳಕೆದಾರರ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಗೇ ವಸೂಲಿ ಮಾಡಲಾಗುತ್ತಿದೆ. ವಾಸದ ಮನೆಗೆ 600 ಚದರಡಿವರೆಗೆ ತಿಂಗಳಿಗೆ ₹10, 1,000 ಚದರಡಿವರೆಗೆ ₹50, 2,000 ಚದರಡಿವರೆಗೆ ₹100, ಹೀಗೆ ಏರುತ್ತ 4,000 ಚದರಡಿ ದಾಟಿದರೆ ₹400. ಆ ವರ್ಷ ಹಲವರಿಗೆ ಕಂದಾಯ ಏರಿದಂತೆ ಕಂಡದ್ದು ಇದರಿಂದಲೂ ಹೌದು. ಕಸ ಹಾಕುವವರು ಮನೆಯಲ್ಲಿ ವಾಸವಿರುವವರು. ಆಟೋ ಟಿಪ್ಪರ್ ಬಂದು ಒಯ್ಯುವುದು ಅವರ ಕಸವನ್ನೇ. ಕರೆಂಟು, ನೀರಿನ ಬಿಲ್ಲಿನ ಸಾಲಿಗೆ ಸೇರುವ ಈ ಶುಲ್ಕವನ್ನು ಬಾಡಿಗೆದಾರರು ಕೊಡುವುದು ನ್ಯಾಯ. 1,000 ಚದರಡಿಯ ಮನೆಗೆ ಅದು ತಿಂಗಳಿಗೆ ಐವತ್ತೇ ರೂಪಾಯಿ.

ಇನ್ನುಳಿದದ್ದು ಈ ವರ್ಷದ ಮತ್ತು ಮುಂದಿನ ವರ್ಷಗಳ ತೆರಿಗೆ. ಆಸ್ತಿ ತೆರಿಗೆಯ ಮೊದಲ ಹೊಣೆ ಮಾಲೀಕರದ್ದು, ಮತ್ತು ಆದಾಯ ತೆರಿಗೆ ಕಾನೂನು ಅದನ್ನು ಮಾಲೀಕರ ಖರ್ಚು ಎಂದೇ ಗುರುತಿಸಿ ಪರಿಹಾರ ಕೊಟ್ಟಿದೆ. ಬಾಡಿಗೆಗೆ ಕೊಟ್ಟ ಮನೆಯ ಆದಾಯ ಲೆಕ್ಕ ಹಾಕುವಾಗ, ಮಾಲೀಕರು ಆ ವರ್ಷ ನಿಜವಾಗಿ ಕಟ್ಟಿದ ಕಂದಾಯವನ್ನು ಬಾಡಿಗೆಯಿಂದ ಕಳೆಯಬಹುದು. ಉಳಿದದ್ದರಲ್ಲಿ ಮತ್ತೆ ಶೇ 30ರಷ್ಟನ್ನು ದುರಸ್ತಿ ಇತ್ಯಾದಿಗೆಂದು ಯಾವ ರಸೀದಿಯೂ ಇಲ್ಲದೆ ಕಳೆಯಬಹುದು. ಹಳೆಯ ವರ್ಷಗಳ ತೆರಿಗೆ ಬಾಕಿಯನ್ನೂ ಕಟ್ಟಿದ ವರ್ಷದಲ್ಲೇ ಕಳೆಯಲು ಅವಕಾಶವಿದೆ. ಮೇಲಿನ ಉದಾಹರಣೆಯಲ್ಲಿ ಹೆಚ್ಚಾದ ₹3,968ರಿಂದ, ಶೇ 30ರ ಹಂತದಲ್ಲಿರುವ ಮಾಲೀಕರಿಗೆ ಆದಾಯ ತೆರಿಗೆಯಲ್ಲಿ ಸುಮಾರು ₹830 ಉಳಿಯುತ್ತದೆ. ಮಾಲೀಕರು ಬುದ್ಧಿವಂತಿಕೆ ಎಂದುಕೊಂಡು ಕಂದಾಯವನ್ನು ಬಾಡಿಗೆದಾರರಿಂದಲೇ ನೇರವಾಗಿ ಕಟ್ಟಿಸಿದರೆ ಈ ಕಡಿತ ಅವರಿಗೆ ಸಿಗುವುದಿಲ್ಲ. ಸ್ವಂತ ವಾಸದ ಮನೆಗೆ ಈ ಅನುಕೂಲ ಇಲ್ಲ ಎಂಬುದನ್ನೂ ಗಮನಿಸಬೇಕು. ಬಾಡಿಗೆ ಮನೆಯ ತೆರಿಗೆ ದುಪ್ಪಟ್ಟು ಎಂದು ಕೊರಗುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಎಲ್ಲ ಮಾಲೀಕರೂ ಶೇ 30ರ ಹಂತದವರಲ್ಲ ಎಂಬುದು ಇಲ್ಲಿ ಏಳುವ ಗಂಭೀರ ಆಕ್ಷೇಪ. ನಿವೃತ್ತಿಯ ಹಣ ಹಾಕಿ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಕೆಳಗೆ ತಾವಿದ್ದು ಮೇಲಿನ ಎರಡು ಮನೆಗಳ ಬಾಡಿಗೆಯಲ್ಲೇ ಔಷಧಿ, ದಿನಸಿ ನಡೆಸುವ ಹಿರಿಯರು ಈ ನಗರದಲ್ಲಿ ಬೇಕಾದಷ್ಟಿದ್ದಾರೆ. ಇವರಿಗೆ ಇಪ್ಪತ್ತು ಸಾವಿರದ ನೋಟಿಸು ಸಣ್ಣದಲ್ಲ. ಆದರೆ ಇವರ ಕಷ್ಟಕ್ಕೆ ಮದ್ದು ಬಾಡಿಗೆದಾರರ ಜೇಬಿನಲ್ಲಿಲ್ಲ, ನೋಟಿಸನ್ನು ಸರಿಯಾಗಿ ಓದುವುದರಲ್ಲಿದೆ. ಒಂದೇ ಕಟ್ಟಡದಲ್ಲಿ ಸ್ವಂತ ವಾಸದ ಭಾಗಕ್ಕೂ ಬಾಡಿಗೆ ಭಾಗಕ್ಕೂ ಬೇರೆ ಬೇರೆ ದರ. ಇಡೀ ಕಟ್ಟಡಕ್ಕೆ ಬಾಡಿಗೆ ದರ ಹಾಕಿದ್ದರೆ ಅದು ತಪ್ಪು. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದಿದ್ದಾರೆಯೇ, ವಿಸ್ತೀರ್ಣ ಸರಿಯಿದೆಯೇ, ರಸ್ತೆಗೆ ಗೊತ್ತುಮಾಡಿದ ವಲಯವೇ ನಮೂದಾಗಿದೆಯೇ, ಈಗಾಗಲೇ ಕಟ್ಟಿದ ಹಣಕ್ಕೆ ಮತ್ತೆ ಬಾಕಿ ತೋರಿಸಿದ್ದಾರೆಯೇ ಎಂದು ನೋಡಬೇಕು. ತಪ್ಪಿದ್ದರೆ ಹಳೆಯ ರಸೀದಿ, ಬಾಡಿಗೆ ಕರಾರಿನ ಪ್ರತಿ, ಕರೆಂಟ್ ಬಿಲ್ ಇಟ್ಟು ನೋಟಿಸಿನ ಗಡುವಿನೊಳಗೆ ಸಹಾಯಕ ಕಂದಾಯ ಅಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಮನೆ ಯಾವ ತಿಂಗಳಿಂದ ಬಾಡಿಗೆಗಿದೆ ಎಂಬುದಕ್ಕೆ ಬಾಡಿಗೆದಾರರ ಬಳಿಯಿರುವ ಕರಾರೇ ಮಾಲೀಕರಿಗೆ ಸಾಕ್ಷಿ. ಜಗಳವಾಡಿ ಹೊರಗೆ ಹಾಕಿದ ಬಾಡಿಗೆದಾರರಿಂದ ಆ ಸಾಕ್ಷಿ ಸಿಗುವುದು ಕಷ್ಟ.

ಇನ್ನು ಕಾನೂನಿನ ಮಾತು. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ ₹3,500 ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಆ ಮೊತ್ತಕ್ಕೆ ಇಂದು ನಗರದಲ್ಲಿ ಒಂದು ಕೋಣೆಯೂ ಕಷ್ಟ. ಹಾಗಾಗಿ ಹೆಚ್ಚಿನವರಿಗೆ ಆಸರೆ ಕರಾರುಪತ್ರವೇ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವೆಂದು ಹನ್ನೊಂದು ತಿಂಗಳಿಗೆ ಬರೆಸಿಕೊಳ್ಳುವ ಆ ಕಾಗದದಲ್ಲಿ, ಕಂದಾಯವನ್ನು ಮಾಲೀಕರೂ ನೀರು–ವಿದ್ಯುತ್ ಬಿಲ್ಲನ್ನು ಬಾಡಿಗೆದಾರರೂ ಕಟ್ಟತಕ್ಕದ್ದು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಬಾಡಿಗೆ ಯಾವಾಗ, ಶೇಕಡಾ ಎಷ್ಟು ಏರುತ್ತದೆ ಎಂಬುದೂ ಇರುತ್ತದೆ. ಕರಾರಿನ ಅವಧಿ ಮುಗಿಯುವ ಮೊದಲು, ಅದರಲ್ಲಿಲ್ಲದ ಏರಿಕೆಯನ್ನು ಒಬ್ಬರೇ ಹೇರಲು ಬರುವುದಿಲ್ಲ, ಕಾರಣ ಕಂದಾಯವಿರಲಿ ಬೇರೇನೇ ಇರಲಿ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ಬಾಡಿಗೆ ಪರಿಷ್ಕರಣೆಗೆ ಮೂರು ತಿಂಗಳ ಲಿಖಿತ ತಿಳಿವಳಿಕೆ ಬೇಕೆನ್ನುತ್ತದೆ; ಅದು ರಾಜ್ಯಗಳು ಅಳವಡಿಸಿಕೊಳ್ಳಲೆಂದು ಕೊಟ್ಟ ಮಾದರಿಯಾದರೂ, ಸಭ್ಯ ನಡವಳಿಕೆಯ ಅಳತೆಗೋಲಾಗಿ ಎರಡೂ ಕಡೆಯವರಿಗೆ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಮೂಲದ ಪ್ರಶ್ನೆ ಉಳಿಯುತ್ತದೆ: ಬಾಡಿಗೆ ಮನೆಗೆ ದುಪ್ಪಟ್ಟು ದರ ಏಕೆ? ಆಡಳಿತದ ಕಡೆಯಿಂದ ಇದಕ್ಕೊಂದು ಸಮರ್ಥನೆ ಇದೆ. ಮನೆಯ ತೆರಿಗೆ ಹಿಂದಿನಿಂದಲೂ ಅದು ತರಬಹುದಾದ ಬಾಡಿಗೆಯ ಮೇಲೆ ನಿಂತಿದೆ, ಆದ್ದರಿಂದ ಬಾಡಿಗೆ ಮನೆಯ ದರವೇ ಪೂರ್ಣ ದರ, ಸ್ವಂತ ವಾಸಕ್ಕೆ ಕೊಟ್ಟಿರುವುದು ಅರ್ಧದ ರಿಯಾಯಿತಿ ಎಂದು. ದೆಹಲಿ ಪಾಲಿಕೆಯ ಸೂತ್ರದಲ್ಲೂ ಸ್ವಂತ ವಾಸಕ್ಕೆ 1, ಬಾಡಿಗೆಗೆ 2 ಎಂಬ ಗುಣಕವಿದೆ. ಮಾರ್ಗಸೂಚಿ ಬೆಲೆಗೆ ತೆರಿಗೆಯನ್ನು ಜೋಡಿಸಲು 2024ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಪ್ರಕಟಿಸಿದ ಕರಡಿನಲ್ಲೂ ಶೇ 0.1 ಮತ್ತು ಶೇ 0.2 ಎಂದು ಇದೇ ಅನುಪಾತ ಉಳಿದಿತ್ತು. ಆಕ್ಷೇಪಗಳ ನಂತರ ಆ ಕರಡನ್ನು ತಡೆಹಿಡಿದರು. ಆದರೆ ರಿಯಾಯಿತಿಯ ಉದ್ದೇಶ ವಾಸದ ಮನೆ ಅಗ್ಗವಾಗಿರಲಿ ಎಂಬುದಾದರೆ, ವಾಸ ಮಾಡುವವರ ಹೆಸರಿನಲ್ಲಿ ಖಾತೆ ಇದೆಯೇ ಎಂದು ನೋಡುವ ಅಗತ್ಯವೇನು? ಸ್ವಂತ ಮನೆ ಕೊಳ್ಳಲಾಗದವರ ವಾಸಕ್ಕೇ ಹೆಚ್ಚು ದರ ಎಂಬುದು ನನಗೆ ಒಪ್ಪಿಗೆಯಾಗುವುದಿಲ್ಲ. ಬಾಡಿಗೆಯ ಲಾಭಕ್ಕೆ ಆದಾಯ ತೆರಿಗೆ ಬೇರೆಯೇ ಇದೆ. 2010ರಿಂದ ಬಂಡವಾಳ ಮೌಲ್ಯದ ಪದ್ಧತಿಗೆ ಹೋದ ಮುಂಬೈನಲ್ಲಿ ಮನೆ ವಾಸಕ್ಕೋ ವಾಣಿಜ್ಯಕ್ಕೋ ಎಂಬುದು ಮುಖ್ಯ, ವಾಸವಿರುವವರು ಮಾಲೀಕರೋ ಬಾಡಿಗೆದಾರರೋ ಎಂಬುದಲ್ಲ.

ಸ್ವಂತ ವಾಸದ ದರಕ್ಕೂ ಬಾಡಿಗೆ ದರಕ್ಕೂ ಇರುವ ಈ ಅಂತರದಿಂದ ಇನ್ನೊಂದು ಕೆಡುಕೂ ಇದೆ. ಸುಳ್ಳು ಘೋಷಣೆಗೆ ಆಸೆ ಹುಟ್ಟಿಸುವುದೇ ಇದು. ನಮೂನೆ 5ರ ಬದಲು ನಮೂನೆ 4 ಸಲ್ಲಿಸಿದರೆ ಅರ್ಧ ಹಣ ಉಳಿಯುತ್ತದೆ ಎಂದಿರುವಾಗ, ಪಾಲಿಕೆ ಒಂದು ಕಡೆ ಆಸೆ ತೋರಿಸಿ ಇನ್ನೊಂದು ಕಡೆ ದಂಡ ಬರೆಯುವಂತಾಗಿದೆ. ದರ ಒಂದೇ ಆದರೆ ಪಾಲಿಕೆಯ ಆದಾಯ ಕುಸಿಯುವುದಿಲ್ಲವೇ ಎಂದು ಕೇಳಬಹುದು. ಬಾಡಿಗೆ ದರವನ್ನು ಅರ್ಧಕ್ಕಿಳಿಸಿದರೆ ಕುಸಿಯುತ್ತದೆ ನಿಜ. ಎರಡರ ನಡುವಿನ ಒಂದು ದರ ಗೊತ್ತುಮಾಡಿ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಅಲ್ಲಿಗೆ ತಂದರೆ ಕುಸಿಯಬೇಕಾಗಿಲ್ಲ. ಸ್ವಂತ ವಾಸದವರಿಗೆ ಇದರಿಂದ ಸ್ವಲ್ಪ ಹೊರೆ ಹೆಚ್ಚುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಬೀದಿದೀಪ, ಚರಂಡಿ, ರಸ್ತೆ ಎಲ್ಲರಿಗೂ ಒಂದೇ ಆಗಿರುವಾಗ ಅದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ತೆರಿಗೆಯ ದರ ಪರಿಷ್ಕರಣೆಯ ಮಾತು ಇಂದಲ್ಲ ನಾಳೆ ಅವುಗಳ ಮುಂದೆ ಬರುವುದು ಖಂಡಿತ. ಅಲ್ಲಿಯವರೆಗೆ ಕಾಯಲಾಗದವರು ಮುಂದಿನ ಕರಾರಿಗೆ ಎರಡು ಸಾಲು ಸೇರಿಸಿಕೊಳ್ಳಬಹುದು. ಹಿಂದಿನ ವರ್ಷಗಳ ಕಂದಾಯ, ದಂಡ, ಬಡ್ಡಿ ಪೂರ್ತಿಯಾಗಿ ಮಾಲೀಕರದ್ದು ಎಂಬುದು ಒಂದು. ಕರಾರಿನ ಅವಧಿಯಲ್ಲಿ ಸರ್ಕಾರವೇ ದರ ಏರಿಸಿದರೆ, ಆ ಮನೆಯ ಪಾಲಿಗೆ ಬಂದ ಹೆಚ್ಚಳದ ಅರ್ಧವನ್ನು ಹನ್ನೆರಡು ತಿಂಗಳಿಗೆ ಹಂಚಿ, ರಸೀದಿ ತೋರಿಸಿದ ಮೇಲೆ, ಕರಾರು ನವೀಕರಣವಾದ ದಿನದಿಂದ ಬಾಡಿಗೆದಾರರು ಕೊಡತಕ್ಕದ್ದು ಎಂಬುದು ಇನ್ನೊಂದು. ಅರ್ಧ ಎಂಬ ಜಾಗದಲ್ಲಿ ಕಾಲುಭಾಗವೋ ಪೂರ್ತಿಯೋ, ಒಪ್ಪಿದ್ದನ್ನು ಬರೆದುಕೊಳ್ಳಲಿ; ‘ರಸೀದಿ ತೋರಿಸಿದ ಮೇಲೆ’ ಎಂಬ ಮಾತನ್ನು ಮಾತ್ರ ಯಾರೂ ಬಿಟ್ಟುಕೊಡಬಾರದು.